ಸರ್ಟಿಫಿಕೇಟ್ ಕೊಟ್ಟ ಮೇಲೆ ಲೆಕ್ಕ ಕೇಳುವವರು ಯಾರು?

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈಗ ತರಬೇತಿಗಳಿಗೆ ಕೊರತೆಯಿಲ್ಲ. ಒಂದು ಕಡೆ ಹೊಲಿಗೆ ತರಬೇತಿ, ಇನ್ನೊಂದು ಕಡೆ ಕಂಪ್ಯೂಟರ್ ಕ್ಲಾಸ್, ಮತ್ತೊಂದು ಕಡೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೆರಿಯರ್ ಗೈಡೆನ್ಸ್ ಶಿಬಿರ. ಕೊನೆಯ ದಿನ ವೇದಿಕೆ, ಶಾಲು, ಸರ್ಟಿಫಿಕೇಟ್ ವಿತರಣೆ, ಗ್ರೂಪ್ ಫೋಟೋ. ಮರುವಾರ ಆ ಫೋಟೋ ಪತ್ರಿಕೆಯಲ್ಲೂ ಬರುತ್ತದೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಓಡಾಡುತ್ತದೆ. ಒಳ್ಳೆಯದೇ. ಆದರೆ ಆ ಫೋಟೋದಲ್ಲಿ ನಿಂತ 20 ಮಂದಿ ಒಂದು ವರ್ಷದ ನಂತರ ಎಲ್ಲಿದ್ದಾರೆ, ಎಂತ ಮಾಡುತ್ತಿದ್ದಾರೆ ಎಂದು ಯಾರಾದರೂ ಹೋಗಿ ಕೇಳಿದ್ದುಂಟಾ? ನಮಗೆ ಗೊತ್ತಿದ್ದ ಮಟ್ಟಿಗೆ ಬಹಳ ಕಡಿಮೆ.

ವ್ಯಾಪಾರಕ್ಕೆ ಹಣ ಹಾಕಿದರೆ ಲಾಭ ಎಷ್ಟು ಬಂತು ಎಂದು ನಾವು ಕೇಳುತ್ತೇವೆ. ಅಡಿಕೆ ತೋಟಕ್ಕೆ ಗೊಬ್ಬರ ಹಾಕಿದರೆ ಫಸಲು ನೋಡುತ್ತೇವೆ. ಆದರೆ ಮನುಷ್ಯರ ಮೇಲೆ ಹಾಕಿದ ಹಣಕ್ಕೆ ಮಾತ್ರ ಫೋಟೋವೇ ಲೆಕ್ಕ. ಈ ಅಭ್ಯಾಸ ನಮ್ಮ ಊರಿಗೆ ಮಾತ್ರ ಸೀಮಿತವಲ್ಲ, ದಿಲ್ಲಿಯವರೆಗೂ ಹಾಗೆಯೇ ಇದೆ ಎಂಬುದು ಈಗ ದಾಖಲೆ ಸಮೇತ ಹೊರಬಂದಿದೆ.

ಮಹಾಲೇಖಪಾಲರ ವರದಿ ಹೇಳಿದ್ದು

2015ರ ಜುಲೈಯಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ದೇಶದ ಅತಿ ದೊಡ್ಡ ಅಲ್ಪಾವಧಿ ತರಬೇತಿ ಯೋಜನೆ. ಮೊದಲ ಮೂರು ಹಂತಗಳಲ್ಲಿ, ಅಂದರೆ 2022ರವರೆಗೆ, 1.32 ಕೋಟಿ ಜನರಿಗೆ ತರಬೇತಿ ಕೊಡುವ ಗುರಿ. ಇಟ್ಟ ಹಣ 14,450 ಕೋಟಿ ರೂಪಾಯಿ. ತಲೆಗೆ ಸುಮಾರು 11 ಸಾವಿರ ರೂಪಾಯಿ ಎಂದಾಯಿತು. ಈ ಅವಧಿಯ ಬಗ್ಗೆ ಮಹಾಲೇಖಪಾಲರ (ಸಿಎಜಿ) ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು.

ಅದರಲ್ಲಿರುವ ಕೆಲವು ಸಂಗತಿಗಳನ್ನು ನೋಡಿ. ಎರಡನೇ ಮತ್ತು ಮೂರನೇ ಹಂತದ 95.90 ಲಕ್ಷ ಫಲಾನುಭವಿಗಳ ಪೈಕಿ 90.66 ಲಕ್ಷ ಮಂದಿಯ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆ ಇತ್ತು ಅಥವಾ ಖಾಲಿ ಬಿಡಲಾಗಿತ್ತು. ಉಳಿದವರಲ್ಲೂ ಹಲವರ ಖಾತೆ ಸಂಖ್ಯೆ ಬರೀ ಒಂದು, ಒಂದು, ಒಂದು ಎಂದು ಸಾಲಾಗಿ ಬರೆದದ್ದು. ಸಹಾಯಧನವನ್ನು ಆಧಾರ್ ಜೋಡಿಸಿದ ಖಾತೆಗೆ ಹಾಕುವ ವ್ಯವಸ್ಥೆ ಇತ್ತು, ಹಾಗಾಗಿ ಖಾತೆ ಸಂಖ್ಯೆ ಕಡ್ಡಾಯ ಇರಲಿಲ್ಲ ಎಂಬುದು ಇಲಾಖೆಯ ಸಮಜಾಯಿಷಿ. ಅದನ್ನೂ ಹೇಳಬೇಕಾದ್ದು ನ್ಯಾಯ. ಆದರೆ ಆ ದಾರಿಯಲ್ಲೂ ಹಣ ತಲುಪಿದ್ದು ಐದರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ.

ಲೆಕ್ಕ ಪರಿಶೋಧಕರು ತರಬೇತಿ ಪಡೆದವರಿಗೆ ನೇರವಾಗಿ ಇಮೇಲ್ ಕಳಿಸಿ ವಿಚಾರಿಸಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಮೇಲ್ ತಲುಪಲೇ ಇಲ್ಲ. ಉತ್ತರ ಬಂದದ್ದು ಬರೀ 171. ಅದರಲ್ಲೂ 131 ಉತ್ತರಗಳು ಒಂದೇ ಇಮೇಲ್ ವಿಳಾಸದಿಂದ ಅಥವಾ ತರಬೇತಿ ಕೇಂದ್ರದವರದ್ದೇ ವಿಳಾಸದಿಂದ ಬಂದಿದ್ದವು. ಅಂದರೆ "ನಿನಗೆ ಉಪಯೋಗ ಆಯಿತಾ?" ಎಂದು ಕಲಿತವನನ್ನು ಕೇಳಿದರೆ, ಕಲಿಸಿದವನೇ "ಆಯಿತು ಸಾರ್" ಎಂದು ಉತ್ತರ ಬರೆದ ಹಾಗಾಯಿತು.

ಸರ್ಟಿಫಿಕೇಟ್ ಸಿಕ್ಕಿದವರಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಜನರಿಗೆ? ಅಲ್ಪಾವಧಿ ತರಬೇತಿ ಮತ್ತು ವಿಶೇಷ ಯೋಜನೆಗಳಲ್ಲಿ 56.14 ಲಕ್ಷ ಮಂದಿ ಪಾಸಾದರು, ಕೆಲಸಕ್ಕೆ ಸೇರಿದ್ದು 23.18 ಲಕ್ಷ. ನೂರಕ್ಕೆ 41. ನಾಲ್ಕನೇ ಹಂತದ ಬಗ್ಗೆ ಸರಕಾರ ಸಂಸತ್ತಿನಲ್ಲಿ ಕೊಟ್ಟ ಉತ್ತರ ಇನ್ನೂ ಗಮನಿಸಬೇಕಾದ್ದು: ಮೊದಲ ಮೂರು ಹಂತಗಳಲ್ಲಿ ಕೆಲಸ ಸಿಕ್ಕಿದ ಲೆಕ್ಕ ಇಡಲಾಗುತ್ತಿತ್ತು, ಈಗ ಅಭ್ಯರ್ಥಿ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವಂತೆ ಮಾಡುವುದಕ್ಕೆ ಒತ್ತು ಎಂಬುದು ಅದರ ಸಾರ. ಮಾರ್ಕು ಕಡಿಮೆ ಬಂತೆಂದು ಪರೀಕ್ಷೆಯನ್ನೇ ನಿಲ್ಲಿಸಿದರೆ ಮಗು ಬುದ್ಧಿವಂತ ಆಗುವುದಿಲ್ಲ.

ನಮ್ಮದೇ ತಪ್ಪಿನಿಂದ ಶುರು ಮಾಡೋಣ

ಸರಕಾರವನ್ನು ದೂರುವುದು ಸುಲಭ. ನಾವು ಮದ್ರಸದಲ್ಲಿ ಕಲಿಸುವವರು. ನಮಗೂ ಆಗಾಗ ತರಬೇತಿ ಇರುತ್ತದೆ. ಕೆಲವು ವರ್ಷದ ಹಿಂದೆ ಎರಡು ದಿನದ ಒಂದು ತರಬೇತಿಗೆ ಹೋಗಿದ್ದೆವು. ಚಿಕ್ಕ ಮಕ್ಕಳಿಗೆ ಅಕ್ಷರ ಹೇಗೆ ಕಲಿಸಬೇಕು, ಬೆತ್ತ ಹಿಡಿಯದೆ ಕ್ಲಾಸ್ ಹೇಗೆ ಹಿಡಿತದಲ್ಲಿಡಬೇಕು ಎಂದು ಚೆನ್ನಾಗಿ ಹೇಳಿಕೊಟ್ಟರು. ಊಟವೂ ಒಳ್ಳೆಯದಿತ್ತು, ಫೈಲು, ಪೆನ್ನು ಸಿಕ್ಕಿತು. ಕೊನೆಗೆ ಅಭಿಪ್ರಾಯದ ಫಾರ್ಮು ಕೊಟ್ಟಾಗ ಎಲ್ಲರೂ "ಅತ್ಯುತ್ತಮ" ಎಂದು ಟಿಕ್ ಹಾಕಿದೆವು. ಸೋಮವಾರ ಬೆಳಗ್ಗೆ ಮದ್ರಸಕ್ಕೆ ಬಂದು ಹಿಂದೆ ಹೇಗೆ ಕಲಿಸುತ್ತಿದ್ದೆವೋ ಹಾಗೆಯೇ ಕಲಿಸಿದೆವು. ಅದು ಸಂಘಟಕರ ತಪ್ಪಲ್ಲ, ನಮ್ಮದು. ಆದರೆ ಒಂದು ತಿಂಗಳು ಬಿಟ್ಟು ಯಾರಾದರೂ ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರೆ ನಾವು ಬದಲಾಗುತ್ತಿದ್ದೆವೋ ಏನೋ.

ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಷ್ಟು ಹಿಂದೆಯೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು. ನಮ್ಮ ಉದಾಹರಣೆಗೇ ಹಚ್ಚಿ ನೋಡಿ. ಒಂದು, ತರಬೇತಿ ಇಷ್ಟವಾಯಿತೇ? ಫಾರ್ಮಿನಲ್ಲಿ ಟಿಕ್ ಹಾಕಿದ್ದು ಇದು. ಎರಡು, ಏನಾದರೂ ಕಲಿತರೇ? ಮೂರು, ಕಲಿತದ್ದನ್ನು ಕ್ಲಾಸಿನಲ್ಲಿ ಬಳಸಿದರೇ? ನಾಲ್ಕು, ಅದರಿಂದ ಮಕ್ಕಳು ಮೊದಲಿಗಿಂತ ಚೆನ್ನಾಗಿ ಓದಿದರೇ? ಬಳಿಕ ಜ್ಯಾಕ್ ಫಿಲಿಪ್ಸ್ ಎಂಬವರು ಐದನೆಯ ಮೆಟ್ಟಿಲು ಸೇರಿಸಿದರು: ಬಂದ ಲಾಭಕ್ಕೆ ಹೋಲಿಸಿದರೆ ಹಾಕಿದ ಹಣ ಹುಟ್ಟಿತೇ? ನಾವೆಲ್ಲ ಸಾಮಾನ್ಯವಾಗಿ ಮೊದಲ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ಕೂತುಬಿಡುತ್ತೇವೆ.

ಒಂದು ಹೊಲಿಗೆ ಮೆಷಿನ್‌ನ ಲೆಕ್ಕ

ಲೆಕ್ಕ ಹಾಕುವುದು ಕಷ್ಟವೇನಲ್ಲ. ಬಂಟ್ವಾಳ ಕಡೆಯ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಬೀಡಿ ಕಟ್ಟುವ ಒಬ್ಬ ತಾಯಿ 30 ದಿನದ ಹೊಲಿಗೆ ತರಬೇತಿಗೆ ಹೋಗುತ್ತಾರೆ. ತರಬೇತಿ ಉಚಿತ. ಹಾಗಾದರೆ ಖರ್ಚಿಲ್ಲವೇ? ಇದೆ. ಆ 30 ದಿನ ಬೀಡಿ ಕಟ್ಟಲಿಲ್ಲ. ದಿನಕ್ಕೆ 150 ರೂಪಾಯಿ ಎಂದು ಹಿಡಿದರೂ 4,500 ರೂಪಾಯಿ ಹೋಯಿತು. ಬಸ್ಸಿಗೆ 1,500. ಮೆಷಿನ್‌ಗೆ 9,000, ಅದನ್ನು ಜಮಾಅತ್ ಕೊಟ್ಟಿರಬಹುದು, ಆದರೂ ಅದು ಯಾರದೋ ಕಿಸೆಯಿಂದ ಹೋದ ಹಣವೇ. ಒಟ್ಟು 15,000.

ತರಬೇತಿಯ ನಂತರ ನೂಲು, ಕರೆಂಟು ಕಳೆದು ತಿಂಗಳಿಗೆ 6,000 ಸಿಗುತ್ತದೆ ಎನ್ನೋಣ. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ವರ್ಷಕ್ಕೆ 72,000 ಲಾಭ, ಹಾಕಿದ ಹಣದ ಮೇಲೆ 380 ಶೇಕಡಾ ಗಳಿಕೆ ಎಂದು ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ತರಬೇತಿ ಇಲ್ಲದಿದ್ದರೂ ಆ ತಾಯಿ ಬೀಡಿಯಿಂದ ತಿಂಗಳಿಗೆ 4,000 ದುಡಿಯುತ್ತಿದ್ದರಲ್ಲವೇ? ಹೊಸದಾಗಿ ಬಂದದ್ದು ತಿಂಗಳಿಗೆ 2,000, ವರ್ಷಕ್ಕೆ 24,000. ಅದರಲ್ಲಿ ಖರ್ಚಿನ 15,000 ಕಳೆದರೆ 9,000. ಹದಿನೈದು ಸಾವಿರಕ್ಕೆ ಒಂಬತ್ತು ಸಾವಿರ, ಅಂದರೆ ಶೇಕಡಾ 60. ಇದು ಸತ್ಯದ ಲೆಕ್ಕ, ಇದೂ ಸಣ್ಣದೇನಲ್ಲ.

ಈಗ ಇಡೀ ತಂಡಕ್ಕೆ ಬನ್ನಿ. 20 ಮಂದಿ ಕಲಿತರು, ಹೊಲಿಗೆಯನ್ನು ಮುಂದುವರಿಸಿದ್ದು 8 ಮಂದಿ ಎಂದಿಟ್ಟುಕೊಳ್ಳಿ. ಉಳಿದವರ ಮೆಷಿನ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಒಟ್ಟು ಖರ್ಚು ಮೂರು ಲಕ್ಷ. ಮೊದಲ ವರ್ಷದ ಹೆಚ್ಚುವರಿ ಆದಾಯ 1.92 ಲಕ್ಷ. ಅಂದರೆ 1.08 ಲಕ್ಷ ನಷ್ಟ. ಆ 8 ಮಂದಿ ಎರಡನೇ ವರ್ಷವೂ ಬಿಡದೆ ಮಾಡಿದರೆ ಒಟ್ಟು 3.84 ಲಕ್ಷ, ಆಗ ಶೇಕಡಾ 28 ಲಾಭ. ಮೊದಲೇ 8ರ ಜಾಗದಲ್ಲಿ 14 ಮಂದಿ ಉಳಿದಿದ್ದರೆ ಒಂದೇ ವರ್ಷದಲ್ಲಿ ಹಣ ಹುಟ್ಟುತ್ತಿತ್ತು. ಈ ಸಂಖ್ಯೆಗಳು ಉದಾಹರಣೆಗೆ ಮಾತ್ರ, ನಿಮ್ಮ ಮೊಹಲ್ಲಾದ ಸಂಖ್ಯೆ ಹಾಕಿ ನೋಡಿ. ಆದರೆ ಪಾಠ ಒಂದೇ: ಲಾಭ ನಷ್ಟ ತೀರ್ಮಾನವಾಗುವುದು ತರಬೇತಿಯ 30 ದಿನಗಳಲ್ಲಲ್ಲ, ಅದರ ನಂತರದ ಎರಡು ವರ್ಷಗಳಲ್ಲಿ.

ಉಜಿರೆಯಲ್ಲಿ ಕಲಿಯಬೇಕಾದ್ದು

ಈ ಮಾತನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನಮ್ಮ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲೇ ದೇಶಕ್ಕೆ ಮಾದರಿಯಾದ ಸಂಸ್ಥೆ ಇದೆ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಬ್ಯಾಂಕ್‌ಗಳ ಜೊತೆ ಸೇರಿ ಆರಂಭಿಸಿದ ರುಡ್‌ಸೆಟ್. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ. ಜಾತಿ ಧರ್ಮದ ಭೇದವಿಲ್ಲ. 2009ರ ಸುಮಾರಿಗೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಹಿಡಿದು, ಜಿಲ್ಲೆಗೊಂದರಂತೆ ಬ್ಯಾಂಕ್‌ಗಳ ಮೂಲಕ ಇಂತಹ ಸಂಸ್ಥೆಗಳನ್ನು ದೇಶದಾದ್ಯಂತ ಮಾಡಿತು. ಅವುಗಳಿಗೆ ಆರ್‌ಸೆಟಿ ಎಂದು ಹೆಸರು.

ಇದರಲ್ಲಿ ವಿಶೇಷ ಎಂತ? ತರಬೇತಿ ಚಿಕ್ಕದು, ಬೆನ್ನು ಹತ್ತುವುದು ಉದ್ದ. ಕೋರ್ಸ್ ಕೆಲವು ದಿನ ಅಥವಾ ಕೆಲವು ವಾರ. ಆದರೆ ಅದು ಮುಗಿದ ಮೇಲೆ ಎರಡು ವರ್ಷದವರೆಗೆ ಸಂಪರ್ಕ ಇಟ್ಟುಕೊಂಡು, ಬ್ಯಾಂಕ್ ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ವಿಚಾರಿಸುವ ಪದ್ಧತಿ. ಅವರ ವರದಿಯಲ್ಲಿ "ತರಬೇತಿ ಪಡೆದವರು" ಎಂಬ ಸಂಖ್ಯೆಯ ಪಕ್ಕದಲ್ಲೇ "ನೆಲೆ ನಿಂತವರು" ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಸ್ವಂತ ಹಣದಿಂದ ನಿಂತವರು ಎಷ್ಟು, ಬ್ಯಾಂಕ್ ಸಾಲದಿಂದ ಎಷ್ಟು, ಬೇರೆಯವರಲ್ಲಿ ಕೆಲಸಕ್ಕೆ ಸೇರಿದವರು ಎಷ್ಟು ಎಂದು ಬೇರೆ ಬೇರೆ. ಈ ಎರಡನೇ ಸಂಖ್ಯೆ ನಮ್ಮ ಊರಿನ ಎಷ್ಟು ಸಂಘಟನೆಗಳ ವಾರ್ಷಿಕ ವರದಿಯಲ್ಲಿದೆ?

ಮೂಡುಬಿದಿರೆಗೆ ಬಂದರೆ ಆಳ್ವಾಸ್ ಪ್ರಗತಿ ಉದ್ಯೋಗ ಮೇಳಕ್ಕೆ ವಿದ್ಯಾಗಿರಿಯಲ್ಲಿ ಸಾವಿರಾರು ಮಕ್ಕಳು ಸಾಲು ನಿಲ್ಲುತ್ತಾರೆ. ನಮ್ಮ ಹುಡುಗರೂ ಹುಡುಗಿಯರೂ ಅದರಲ್ಲಿರುತ್ತಾರೆ. ಯಾವುದೇ ಉದ್ಯೋಗ ಮೇಳವಾಗಲಿ, ಮನೆಯವರು ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಮೊದಲ ಪಟ್ಟಿಗೆ ಆಯ್ಕೆಯಾದವರು, ನೇಮಕದ ಪತ್ರ ಕೈಗೆ ಸಿಕ್ಕಿದವರು, ನಿಜವಾಗಿ ಸೇರಿ ಆರು ತಿಂಗಳು ನಿಂತವರು. ಬೆಂಗಳೂರಿನಲ್ಲಿ 18 ಸಾವಿರ ಸಂಬಳ ಎಂದರೆ ಕೇಳಲು ಚೆಂದ. ಪಿಜಿ ಬಾಡಿಗೆ, ಊಟ, ಊರಿಗೆ ಬಂದು ಹೋಗುವ ಖರ್ಚು ಕಳೆದು ಉಮ್ಮನ ಕೈಗೆ ಎಷ್ಟು ಬರುತ್ತದೆ ಎಂಬುದೇ ಮನೆಯ ಲೆಕ್ಕ. ಹಾಗೆಂದು ಹೋಗಬೇಡಿ ಎಂದಲ್ಲ. ಮೊದಲ ಎರಡು ವರ್ಷದ ಅನುಭವ ಮೂರನೇ ವರ್ಷದ ಸಂಬಳ ಏರಿಸುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಂಗಾರ ಅಡವಿಡುವ ಮೊದಲು

ಉಚಿತ ತರಬೇತಿಯಲ್ಲಿ ಹೋಗುವುದು ಸಮಯ, ದಿನಗೂಲಿ. ಹಣ ಕೊಟ್ಟು ಸೇರುವ ಕೋರ್ಸ್‌ಗಳಲ್ಲಿ ಹೋಗುವುದು ಮನೆಯ ಬಂಗಾರ. ನಮ್ಮಲ್ಲಿ ಓದಿದ ಒಬ್ಬ ಹುಡುಗನ ಮನೆಯ ಕಥೆ ಹೇಳುತ್ತೇವೆ. ಪಿಯುಸಿ ಮುಗಿಸಿದ ಮೇಲೆ ಆರು ತಿಂಗಳ ಒಂದು ಸೇಫ್ಟಿ ಕೋರ್ಸಿಗೆ ಸೇರಿದ. ಮುಗಿದ ಕೂಡಲೇ ಗಲ್ಫಿನಲ್ಲಿ ಕೆಲಸ ಎಂದು ಹೇಳಿದ್ದರಂತೆ. ಉಮ್ಮ ಬಳೆ ಅಡವಿಟ್ಟರು. ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ವಿಚಾರಿಸಿದರೆ ಆ ಕೆಲಸಕ್ಕೆ ಅನುಭವ ಕೇಳುತ್ತಾರೆ ಎಂದರು. ಈಗ ಅವನು ಅಂಗಡಿಯೊಂದರಲ್ಲಿ ಸೇಲ್ಸ್ ಮಾಡುತ್ತಿದ್ದಾನೆ. ಬಳೆಯ ಬಡ್ಡಿ ಇನ್ನೂ ಬೆಳೆಯುತ್ತಿದೆ. ನಮ್ಮ ಹತ್ತಿರ ಕೇಳಲು ಬಂದದ್ದು ಎಲ್ಲ ಮುಗಿದ ಮೇಲೆ. ಆದರೆ ಮೊದಲು ಬಂದಿದ್ದರೂ ನಮಗೆ ಕೇಳಬೇಕಾದ ಪ್ರಶ್ನೆ ಗೊತ್ತಿತ್ತೇ ಎಂಬುದು ನಮ್ಮನ್ನು ಕಾಡುತ್ತದೆ.

ಈಗ ಗೊತ್ತಿದೆ. ಕಳೆದ ವರ್ಷ ಕಲಿತವರ ಪಟ್ಟಿ ಕೊಡಿ, ಅದರಲ್ಲಿ ಐದು ಮಂದಿಗೆ ನಾವೇ ಫೋನ್ ಮಾಡುತ್ತೇವೆ ಎಂದು ಕೇಳಿ. ಕೊಡಲು ಹಿಂಜರಿದರೆ ಬಳೆ ಕೈಯಲ್ಲೇ ಇರಲಿ. ಈ ಸರ್ಟಿಫಿಕೇಟ್ ಅನ್ನು ಹೊರದೇಶದಲ್ಲಿ ಯಾರು ಒಪ್ಪುತ್ತಾರೆ ಎಂದು ಕೇಳಿ. ಗಲ್ಫಿನ ಗಾಳಿಯೂ ಈಗ ಬದಲಾಗಿದೆ. ಸೌದಿ ಅರೇಬಿಯಾ ತನ್ನದೇ ಕೌಶಲ ಪರೀಕ್ಷೆ ತಂದಿದೆ. ಪ್ಲಂಬರ್, ಇಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ಮುಂತಾದ ಕೆಲಸಗಳಿಗೆ ಹೋಗುವವರು ಊರಿನಲ್ಲೇ ಆ ಪರೀಕ್ಷೆ ಪಾಸಾಗಬೇಕು. 2025ರ ಜುಲೈಯಿಂದ ಅಲ್ಲಿನ ವಿದೇಶಿ ನೌಕರರ ಕೆಲಸದ ಪರವಾನಗಿಯನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಗುತ್ತಿದೆ. ಓದು, ಅನುಭವ, ಕೌಶಲ, ಸಂಬಳ, ವಯಸ್ಸು ಎಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಹಿಂದಿನಂತೆ "ಹೋಗಿ ನೋಡೋಣ, ಏನಾದರೂ ಸಿಗುತ್ತದೆ" ಎನ್ನುವ ಕಾಲ ಮುಗಿಯಿತು. ಕೈಯಲ್ಲಿ ಕಸುಬು ಇದ್ದು ಅದನ್ನು ಪರೀಕ್ಷೆಯಲ್ಲಿ ತೋರಿಸಲು ಬಂದರೆ ಅಂತಹ ತರಬೇತಿಗೆ ಬೆಲೆ ಇದೆ. ಏಜೆಂಟ್ ಮೂಲಕ ಹೋಗುವವರು ಅವರಿಗೆ ಕೇಂದ್ರ ಸರಕಾರದ ಲೈಸೆನ್ಸ್ ಇದೆಯೇ ಎಂದು ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಕಾನೂನು ಪ್ರಕಾರ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅಷ್ಟೇ.

ಅಳತೆಗೂ ಒಂದು ಮಿತಿ

ಎಲ್ಲವನ್ನೂ ರೂಪಾಯಿಯಲ್ಲೇ ಅಳೆದರೆ ಅನ್ಯಾಯ ಆಗುವುದೂ ಉಂಟು. ನೂರಕ್ಕೆ ಇಷ್ಟು ಮಂದಿಗೆ ಕೆಲಸ ಕೊಡಿಸಿದರೆ ಮಾತ್ರ ಅನುದಾನ ಎಂದರೆ, ಕೇಂದ್ರದವರು ಮೊದಲೇ ಚುರುಕಾದ, ಹೇಗೂ ಕೆಲಸ ಸಿಗುವ ಮಕ್ಕಳನ್ನೇ ಆರಿಸಿಕೊಳ್ಳುತ್ತಾರೆ. ಶಾಲೆ ಬಿಟ್ಟ ಹುಡುಗ, ಅಂಗವೈಕಲ್ಯ ಇರುವವರು, ಕೈಮಗು ಇರುವ ತಾಯಿ ಹೊರಗುಳಿಯುತ್ತಾರೆ. ಲೆಕ್ಕದಲ್ಲಿ ಸಂಖ್ಯೆ ಚೆಂದ, ಅಗತ್ಯ ಇದ್ದವರಿಗೆ ಏನೂ ಇಲ್ಲ. ಅಲ್ಪಸಂಖ್ಯಾತರಿಗಾಗಿ 2013ರಲ್ಲಿ ಬಂದ ಸೀಖೋ ಔರ್ ಕಮಾವೋ ಯೋಜನೆಯಲ್ಲಿ ತರಬೇತಿ ಪಡೆದವರಲ್ಲಿ ಶೇಕಡಾ 75 ಮಂದಿಗೆ ಕೆಲಸ ಕೊಡಿಸಬೇಕೆಂಬ ಷರತ್ತಿತ್ತು. ಷರತ್ತು ಒಳ್ಳೆಯದು. ಆದರೆ ಯಾರನ್ನು ಸೇರಿಸಿಕೊಂಡರು, ಕೆಲಸದಲ್ಲಿ ಎಷ್ಟು ತಿಂಗಳು ನಿಂತರು ಎಂಬುದನ್ನು ಕೇಳದಿದ್ದರೆ ಆ 75 ಅರ್ಧ ಉತ್ತರ ಮಾತ್ರ. ಈಗ ಆ ಯೋಜನೆಯನ್ನು ಬೇರೆ ನಾಲ್ಕರ ಜೊತೆ ಪಿಎಂ ವಿಕಾಸ್ ಎಂಬ ಒಂದೇ ಹೆಸರಿನಡಿ ಸೇರಿಸಲಾಗಿದೆ.

ಹಣಕ್ಕೆ ಇಳಿಯದ ಲಾಭವೂ ಇದೆ. ಬೀಡಿ ಎಲೆ, ಹೊಗೆಸೊಪ್ಪಿನ ಧೂಳಿನ ನಡುವೆ ಬಗ್ಗಿ ಕೂತ ತಾಯಿ ಮೆಷಿನ್ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತದ್ದಕ್ಕೆ ಎಷ್ಟು ರೂಪಾಯಿ? ಬ್ಯಾಂಕಿಗೆ ಒಬ್ಬರೇ ಹೋಗಿ ಚಲನ್ ತುಂಬಿದ್ದಕ್ಕೆ ಎಷ್ಟು? ಮಗಳನ್ನು ಕಾಲೇಜು ಬಿಡಿಸದೆ ಓದಿಸಿದ್ದಕ್ಕೆ ಎಷ್ಟು? ಇದನ್ನು ರೂಪಾಯಿ ಮಾಡಲು ಹೋಗಬಾರದು, ಆದರೆ ಬರೆದಿಡಬೇಕು. ಬರೆಯದಿದ್ದರೆ ಅದು ಬರೀ ಭಾಷಣದ ಮಾತಾಗುತ್ತದೆ. "ಬರಕತ್ ಇದೆ, ಲೆಕ್ಕ ಯಾಕೆ?" ಎನ್ನುವವರೂ ನಮ್ಮಲ್ಲಿದ್ದಾರೆ. ವರ್ಷಕ್ಕೊಮ್ಮೆ ಝಕಾತ್‌ಗೆ ಎರಡೂವರೆ ಶೇಕಡಾ ಎಂದು ಕಾಸು ಕಾಸು ಲೆಕ್ಕ ಹಾಕುವ ಸಮುದಾಯ ನಾವು. ಕೊಡುವಾಗ ಇರುವ ಲೆಕ್ಕ ಕೊಟ್ಟ ಮೇಲೂ ಇರಲಿ. ಜನರ ಹಣ ನಮ್ಮ ಕೈಯಲ್ಲಿ ಅಮಾನತ್.

ಒಂದು ನೋಟ್ ಬುಕ್ ಸಾಕು

ಇದಕ್ಕೆ ಸಾಫ್ಟ್‌ವೇರ್ ಬೇಡ, ಸಮಿತಿ ಮೇಲೆ ಸಮಿತಿ ಬೇಡ. ಜಮಾಅತ್ ಕಚೇರಿಯಲ್ಲಿ ಒಂದು ನೋಟ್ ಬುಕ್ ಸಾಕು. ತರಬೇತಿ ಕೊಡುವ ದಿನವೇ ಪ್ರತಿಯೊಬ್ಬರ ಹೆಸರಿನ ಮುಂದೆ ಐದು ಸಂಗತಿ ಬರೆಯಿರಿ: ಈಗಿನ ಆದಾಯ, ತರಬೇತಿಗೆ ಆದ ಒಟ್ಟು ಖರ್ಚು, ಆರು ತಿಂಗಳ ನಂತರ ಎಲ್ಲಿದ್ದಾರೆ, ಒಂದು ವರ್ಷದ ನಂತರ ಎಷ್ಟು ಗಳಿಕೆ, ಎರಡು ವರ್ಷದ ನಂತರ ಏನು. ಮೊದಲನೆಯದನ್ನು ಶುರುವಿನಲ್ಲೇ ಬರೆಯದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಎಲ್ಲಿಂದ ಹೊರಟರು ಎಂದು ಗೊತ್ತಿಲ್ಲದಿದ್ದರೆ ಎಷ್ಟು ದೂರ ಬಂದರು ಎಂದು ಹೇಗೆ ಹೇಳುವುದು? ಬರೆದದ್ದು ಕಚೇರಿಯಲ್ಲೇ ಇರಲಿ. ಮನೆಯ ಗುಟ್ಟು ಮಿಂಬರ್‌ನಲ್ಲಿ ಓದುವುದಕ್ಕಲ್ಲ.

ವಿಚಾರಿಸುವ ಕೆಲಸವನ್ನು ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಕೊಡಿ. ಮನೆಗಳಿಗೆ ಹೆಣ್ಣುಮಕ್ಕಳು ಹೋದರೆ ತಾಯಂದಿರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಒಂದು ತಂಡಕ್ಕೆ 20 ಫೋನ್, ವರ್ಷಕ್ಕೆ ಎರಡು ಸಲ. ಮೆಷಿನ್ ಮೂಲೆಯಲ್ಲಿದ್ದರೆ ಯಾಕೆ ಎಂದು ಕೇಳಿ. ಸೂಜಿ ಮುರಿದದ್ದೋ, ಗಿರಾಕಿ ಇಲ್ಲದ್ದೋ, ಸಾಲ ಸಿಗದ್ದೋ? ಸಾಲದ ಸಮಸ್ಯೆ ಎಂದಾದರೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂತಹ ಯೋಜನೆಗೆ ಅರ್ಜಿ ಹಾಕಲು ಕೈಹಿಡಿಯಿರಿ. ಇನ್ನೊಂದು ಹೊಸ ತಂಡಕ್ಕೆ ತರಬೇತಿ ಕೊಡುವುದಕ್ಕಿಂತ, ನಿಂತುಹೋದ ನಾಲ್ಕು ಮೆಷಿನ್ ಓಡುವಂತೆ ಮಾಡುವುದರಲ್ಲಿ ಲಾಭ ಹೆಚ್ಚು ಎಂದು ಆ ನೋಟ್ ಬುಕ್ಕೇ ಹೇಳಬಹುದು.

ಮುಂದಿನ ಸಲ ಸರ್ಟಿಫಿಕೇಟ್ ವಿತರಣೆಯ ಫೋಟೋ ಈ ಪುಟಕ್ಕೆ ಕಳಿಸುವವರಲ್ಲಿ ಒಂದು ವಿನಂತಿ. ಅದರ ಜೊತೆ ಹೋದ ವರ್ಷದ ತಂಡದ ಒಂದು ಸಾಲನ್ನೂ ಕಳಿಸಿ: 20 ಮಂದಿ ಕಲಿತಿದ್ದರು, ಈಗ ಇಷ್ಟು ಮಂದಿ ದುಡಿಯುತ್ತಿದ್ದಾರೆ. ಸಂಖ್ಯೆ ಸಣ್ಣದಿದ್ದರೆ ನಾಚಿಕೆ ಬೇಡ. ಅದನ್ನು ನೋಡಿದ ಇನ್ನೊಂದು ಊರಿನವರು ಅದೇ ತಪ್ಪು ಮಾಡದೆ ಉಳಿದರೆ, ಅದೂ ನೀವು ಹಾಕಿದ ಹಣಕ್ಕೆ ಬಂದ ಲಾಭವೇ.